ಗೋಳಿನ ಕಥೆ ಎಂದು ಬದಿಗಿಡಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಪುಸ್ತಕದ ಪುಟವನ್ನು ತಪ್ಪದೆ ಓದುವವಳು ನಾನು. ಹೊಸ ಪುಸ್ತಕಗಳ ಪರಿಚಯ ಚೆನ್ನಾಗಿಯೇ ಬರುತ್ತದೆ, ಅದರ ಬಗ್ಗೆ ತಕರಾರಿಲ್ಲ. ಈ ಪತ್ರ ಬರೆಯಲು ಕಾರಣ ಬೇರೆ. ಹೆಣ್ಣಿನ ಕಷ್ಟದ ಕಾದಂಬರಿ ಎಂದ ತಕ್ಷಣ, ಚೆನ್ನಾಗಿ ಓದುವವರು ಕೂಡ ಮುಖ ತಿರುಗಿಸುವುದನ್ನು ನೋಡುತ್ತಿದ್ದೇನೆ. "ಬರೀ ಗೋಳು ಕಣ್ರೀ, ಬದುಕಲ್ಲಿ ಇರೋದೇ ಸಾಕು, ಓದೋದೂ ಅದನ್ನೇನಾ?" ಅನ್ನುತ್ತಾರೆ. ಗಂಡಸರು ಅಂತೂ ಇವು ತಮಗೆ ಬರೆದದ್ದೇ ಅಲ್ಲ ಅನ್ನುವ ಹಾಗೆ ಸುಮ್ಮನಾಗಿಬಿಡುತ್ತಾರೆ.

ಇತ್ತೀಚೆಗೆ ನಾನು ಇಂಥ ಕಾದಂಬರಿಗಳನ್ನೇ ಒಂದರ ಹಿಂದೊಂದು ಓದಿದೆ. ಕೆಲವು ಹಳೆಯವು, ಮತ್ತೆ ಕೈಗೆ ತೆಗೆದುಕೊಂಡಿದ್ದು. ಕೆಲವು ಬೇರೆ ಭಾಷೆಯವು, ಇಂಗ್ಲಿಷ್ ಅನುವಾದದಲ್ಲಿ ಓದಿದ್ದು. ಓದುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಇವುಗಳಲ್ಲಿ ನಿಜವಾಗಿ ಒಳ್ಳೆಯ ಕಾದಂಬರಿಗಳಲ್ಲಿ ಖಳನಾಯಕನೇ ಇಲ್ಲ. ಹೆಣ್ಣಿಗೆ ಕಷ್ಟ ಕೊಡುವವರು ಅಪ್ಪ, ಗಂಡ, ಅತ್ತೆ, ನೆರೆಮನೆಯವರು, ಮೇಷ್ಟ್ರು, ಡಾಕ್ಟರು. ಎಲ್ಲರೂ ಮರ್ಯಾದಸ್ಥರು. ತಾವು ಮಾಡುತ್ತಿರುವುದು ಸರಿ ಎಂದು ಮನಸಾರೆ ನಂಬಿದವರು. ಅವಳ ಒಳ್ಳೆಯದಕ್ಕೇ ಮಾಡುತ್ತಿದ್ದೇವೆ ಅಂದುಕೊಂಡವರೂ ಇದ್ದಾರೆ. ಆದ್ದರಿಂದಲೇ ಈ ಪುಸ್ತಕಗಳು ಬರೀ ಅಳಿಸುವ ಪುಸ್ತಕಗಳಲ್ಲ ಅನ್ನುತ್ತಿದ್ದೇನೆ. ಓದುವವರಿಗೆ ತಮ್ಮ ಮನೆಯವರ ಮುಖ, ಕೆಲವೊಮ್ಮೆ ತಮ್ಮದೇ ಮುಖ ಕಾಣುತ್ತದೆ.

ಮೊದಲು ತ್ರಿವೇಣಿ ಅವರ 'ಶರಪಂಜರ'. ಹೆಸರು ಹೇಳಿದರೆ ಎಲ್ಲರಿಗೂ ಸಿನಿಮಾ ನೆನಪಾಗುತ್ತದೆ, ಪುಟ್ಟಣ್ಣ ಕಣಗಾಲ್ ನಿರ್ದೇಶನ, ಕಲ್ಪನಾ ಅಭಿನಯ. ಸಿನಿಮಾ ನೋಡಿದ್ದೇವಲ್ಲ, ಕಾದಂಬರಿ ಯಾಕೆ ಅಂತ ಕೇಳುವವರು ತುಂಬಾ ಜನ. ದಯವಿಟ್ಟು ಓದಿ. ಕಾವೇರಿಗೆ ಹೆರಿಗೆಯ ನಂತರ ಮನಸ್ಸಿನ ಕಾಯಿಲೆ ಬರುತ್ತದೆ. ಆಸ್ಪತ್ರೆಗೆ ಸೇರುತ್ತಾಳೆ, ವಾಸಿಯಾಗುತ್ತದೆ, ಮನೆಗೆ ಬರುತ್ತಾಳೆ. ಬೇರೆ ಯಾರಾದರೂ ಬರೆದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತೋ ಏನೋ. ತ್ರಿವೇಣಿ ಅವರ ಕಥೆಗೆ ಬಿಗಿ ಬರುವುದೇ ಅಲ್ಲಿಂದ. ಕಾಯಿಲೆ ಹೋಗಿದೆ, ಆದರೆ ಮನೆಯವರ ಪಾಲಿಗೆ, ಬೀದಿಯವರ ಪಾಲಿಗೆ, ಗಂಡ ಸತೀಶನ ಪಾಲಿಗೆ ಅವಳು ಇನ್ನೂ ಹುಚ್ಚಿಯೇ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ಎಲ್ಲ ಹೆಂಡತಿಯರಿಗೂ ಬರುವ ಸಿಟ್ಟು ಅವಳಿಗೆ ಬಂದರೆ ಅದು ಮತ್ತೆ ಕಾಯಿಲೆ. ಗಂಡ ದೂರ ಸರಿಯುತ್ತಾನೆ, ಬೇರೆ ಹೆಣ್ಣಿನ ಕಡೆ ವಾಲುತ್ತಾನೆ, ಅದನ್ನು ಕಂಡು ಅವಳು ಕೇಳಿದರೆ ಆ ಪ್ರಶ್ನೆಗೂ ಬೆಲೆ ಇಲ್ಲ, ಯಾಕೆಂದರೆ ಕೇಳುತ್ತಿರುವವಳು ಆಸ್ಪತ್ರೆಗೆ ಹೋಗಿ ಬಂದವಳು.

ಯಾರೂ ಅವಳನ್ನು ಹೊಡೆಯುವುದಿಲ್ಲ, ಇದನ್ನು ಗಮನಿಸಿ. ಮನೆಯಿಂದ ಹೊರಗೆ ದಬ್ಬುವುದೂ ಇಲ್ಲ. ನಂಬುವುದಿಲ್ಲ, ಅಷ್ಟೇ. ಆ ಅಪನಂಬಿಕೆಯೇ ಕೊನೆಗೆ ಅವಳನ್ನು ಬಂದ ಜಾಗಕ್ಕೇ ವಾಪಸು ಕಳಿಸುತ್ತದೆ. ತ್ರಿವೇಣಿ ಮನಃಶಾಸ್ತ್ರ ಓದಿದವರು. 1963ರಲ್ಲಿ, ಇನ್ನೂ 35 ತುಂಬುವ ಮೊದಲೇ ತೀರಿಕೊಂಡರು. ಹೆರಿಗೆಯ ನಂತರದ ಖಿನ್ನತೆ ಅನ್ನುವ ಮಾತು ಸಾಮಾನ್ಯ ಜನರ ಬಾಯಲ್ಲಿ ಇಲ್ಲದ ಕಾಲದಲ್ಲಿ ಇದನ್ನು ಬರೆದರು. ಈಗ ಆ ಮಾತು ಎಲ್ಲರಿಗೂ ಗೊತ್ತು. ಆದರೂ ಮಾನಸಿಕ ಚಿಕಿತ್ಸೆ ಪಡೆದು ಬಂದ ಹೆಂಗಸನ್ನು ನೋಡುವ ನೋಟ ಅಷ್ಟೇನೂ ಬದಲಾಗಿಲ್ಲ ಅಲ್ವಾ? ಮನೆಯಲ್ಲಿ ಬಾಣಂತಿ ಇದ್ದರೆ, ಅವಳ ಗಂಡನ ಕೈಗೆ ಕೊಡಬೇಕಾದ ಪುಸ್ತಕ ಇದು.

ಇನ್ನು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ'. ಬಂದದ್ದು 1976ರಲ್ಲಿ. ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದರು. ಚಿಕ್ಕ ಕಾದಂಬರಿ, ಒಂದೆರಡು ಸಂಜೆಗೆ ಮುಗಿಯುತ್ತದೆ. ಮಲೆನಾಡಿನ ಕಥೆ. ಒಂಬತ್ತು ವರ್ಷದ ಹುಡುಗಿಗೆ ಮದುವೆ. ಸ್ವಲ್ಪ ದಿನದಲ್ಲೇ ಗಂಡ ಹಾವು ಕಚ್ಚಿ ಸಾಯುತ್ತಾನೆ. ಮದುವೆ ಅಂದರೇನು ಅಂತಲೇ ಗೊತ್ತಿಲ್ಲದ ಮಗು ವಿಧವೆ. ದೊಡ್ಡವಳಾದ ಮೇಲೆ ತಲೆ ಬೋಳಿಸುತ್ತಾರೆ. ಅಲ್ಲಿಂದ ಮುಂದೆ ಒಂದು ಶತಮಾನದ ಬದುಕು. ಫಣಿಯಮ್ಮ 112 ವರ್ಷ ಬದುಕುತ್ತಾಳೆ. ಇದು ಕಟ್ಟುಕಥೆಯಲ್ಲ, ಇಂದಿರಾ ಅವರ ಮನೆತನದಲ್ಲಿ ಬದುಕಿ ಬಾಳಿದ ಒಬ್ಬ ಹಿರಿಯ ಹೆಂಗಸಿನ ಕಥೆ.

ಈ ಕಥೆಯಲ್ಲಿ ಫಣಿಯಮ್ಮನ ಅಪ್ಪ ಅಮ್ಮ ಕೆಟ್ಟವರಾ? ಖಂಡಿತ ಅಲ್ಲ. ಮಗಳ ಮೇಲೆ ಜೀವ ಇಟ್ಟುಕೊಂಡವರು. ಅವಳ ತಲೆಗೂದಲು ತೆಗೆಸುವಾಗ ಕಣ್ಣೀರು ಹಾಕುವವರು ಅವರೇ, ತೆಗೆಸುವವರೂ ಅವರೇ. ಸಂಪ್ರದಾಯ ಅಂದರೆ ಎಲ್ಲೋ ಆಕಾಶದಲ್ಲಿ ಇರುವ ವಸ್ತುವಲ್ಲ, ಅದು ನಡೆಯಬೇಕಾದರೆ ಮನೆಯವರ ಕೈ ಬೇಕು. ಇಂದಿರಾ ಇದನ್ನು ಭಾಷಣ ಮಾಡದೆ ತೋರಿಸುತ್ತಾರೆ. ಫಣಿಯಮ್ಮ ಕೂಗಾಡುವವಳಲ್ಲ. ಊರಿನ ಎಲ್ಲರ ಮನೆಯ ಕೆಲಸಕ್ಕೂ ಅವಳು ಬೇಕು, ಬಾಣಂತನಕ್ಕೆ ಬೇಕು. ಕೆಳಜಾತಿ ಅನ್ನಿಸಿಕೊಂಡವರ ಮನೆಯ ಹೆಣ್ಣೊಬ್ಬಳ ಹೆರಿಗೆ ಕಷ್ಟವಾದಾಗ, ಮಡಿ ಮೈಲಿಗೆಯನ್ನು ಪಕ್ಕಕ್ಕಿಟ್ಟು ಹೋಗಿ ನೆರವಾಗುತ್ತಾಳೆ.

ನನಗೆ ತುಂಬಾ ಹಿಡಿಸಿದ್ದು ದಾಕ್ಷಾಯಿಣಿಯ ಪ್ರಸಂಗ. ಅವಳೂ ಹದಿಹರೆಯದ ವಿಧವೆ. ತಲೆ ಬೋಳಿಸಲು ಬಂದಾಗ ಆಗುವುದಿಲ್ಲ ಅನ್ನುತ್ತಾಳೆ, ಗಟ್ಟಿಯಾಗಿ, ಎಲ್ಲರ ಎದುರಿಗೆ. ಮನೆಯಲ್ಲಿ ಅಲ್ಲೋಲ ಕಲ್ಲೋಲ. ಆಗ ಅವಳ ಪರ ನಿಲ್ಲುವವಳು ಯಾರು ಅಂದುಕೊಂಡಿರಿ? ಜೀವನಪೂರ್ತಿ ಆ ನಿಯಮವನ್ನು ಒಂದು ಕೂದಲೆಳೆಯಷ್ಟೂ ಮೀರದೆ ಬದುಕಿದ ಫಣಿಯಮ್ಮ. "ನಾನು ಅನುಭವಿಸಿಲ್ವಾ, ನೀನೂ ಅನುಭವಿಸು" ಅನ್ನುವ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ಹೆಣ್ಣಿನ ಕಷ್ಟ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದು ಜಾಸ್ತಿ ಈ ಮಾತಿನಿಂದಲೇ. ಫಣಿಯಮ್ಮ ಆ ಮಾತು ಆಡುವುದಿಲ್ಲ. ನನಗಾದದ್ದು ಸಾಕು, ಈ ಹುಡುಗಿಗೆ ಬೇಡ ಅನ್ನುವುದು ಅವಳ ನಿಲುವು. ಆ ಪುಟಗಳನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ತುಂಬಾ ಹೊತ್ತು ಯೋಚಿಸಿದೆ.

ಇಂದಿರಾ ಅವರಿಗೆ ಹನ್ನೆರಡನೇ ವಯಸ್ಸಿಗೇ ಮದುವೆಯಾಗಿ ಶಾಲೆ ನಿಂತಿತ್ತು. ಬರೆಯಲು ಶುರು ಮಾಡಿದ್ದು 45ರ ಸುಮಾರಿಗೆ. ಇವರಂಥವರು ಬರೆದದ್ದನ್ನು ಅಡುಗೆಮನೆ ಸಾಹಿತ್ಯ ಎಂದು ತಳ್ಳಿಹಾಕಿದ ಕಾಲವೂ ಇತ್ತು. ಇವತ್ತಿಗೂ ಕೆಲವರ ಮನಸ್ಸಿನಲ್ಲಿ ಆ ಮಾತು ಕೂತಿದೆ. ಅಡುಗೆಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ಇವರು ಬರೆಯದಿದ್ದರೆ ನಮಗೆ ಇನ್ಯಾರು ಹೇಳುತ್ತಿದ್ದರು?

ಎಸ್.ಎಲ್. ಭೈರಪ್ಪ ಅವರ 'ಗೃಹಭಂಗ' 1970ರದ್ದು. ಲೇಖಕರ ಬಗ್ಗೆ, ಅವರ ವಿಚಾರಗಳ ಬಗ್ಗೆ ಯಾರಿಗೆ ಏನೇ ಅಭಿಪ್ರಾಯ ಇರಲಿ, ಈ ಕಾದಂಬರಿಯ ನಂಜಮ್ಮನನ್ನು ಬಿಟ್ಟು ಕನ್ನಡದಲ್ಲಿ ಹೆಣ್ಣಿನ ಕಷ್ಟದ ಬಗ್ಗೆ ಮಾತಾಡಲು ಆಗುವುದಿಲ್ಲ. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯಲು ಬಾರದು. ಹೊಟ್ಟೆ ತುಂಬಿದರೆ ಸಾಕು, ಹೆಂಡತಿ ಮಕ್ಕಳು ತಿಂದರೋ ಇಲ್ಲವೋ ಎಂಬ ಯೋಚನೆ ಇಲ್ಲ. ಅತ್ತೆ ಗಂಗಮ್ಮನ ಬಾಯಿ ತೆರೆದರೆ ಬೈಗುಳ. ಊರಿನ ಲೆಕ್ಕದ ಪುಸ್ತಕವನ್ನು ಬರೆಯುವವಳು ನಂಜಮ್ಮ, ಆ ಕೆಲಸದ ದುಡ್ಡು ಬರುವುದು ಗಂಡನ ಕೈಗೆ. ಮಕ್ಕಳ ಹೊಟ್ಟೆ ತುಂಬಿಸಲು ಅವಳು ಮುತ್ತುಗದ ಎಲೆ ತಂದು ಊಟದೆಲೆ ಹಚ್ಚಿ ಮಾರುತ್ತಾಳೆ.

ಭೈರಪ್ಪ ಇಲ್ಲಿ ದುಡಿಮೆಯನ್ನು ಎಷ್ಟು ಹತ್ತಿರದಿಂದ ಬರೆದಿದ್ದಾರೆಂದರೆ, ಎಲೆ ತರುವುದು, ಒಣಗಿಸುವುದು, ಕಡ್ಡಿ ಚುಚ್ಚಿ ಹಚ್ಚುವುದು, ಕಟ್ಟು ಕಟ್ಟುವುದು, ಎಲ್ಲ ಕಣ್ಣಿಗೆ ಕಟ್ಟುತ್ತದೆ. ಕಷ್ಟ ಅಂದರೆ ಕಣ್ಣೀರು ಎಂದು ತೋರಿಸುವ ಕಾದಂಬರಿಗಳು ಬೇಕಾದಷ್ಟಿವೆ. ಕಷ್ಟ ಅಂದರೆ ಕೆಲಸ, ದಿನಾ ಬೆಳಗಾದರೆ ಮತ್ತೆ ಅದೇ ಕೆಲಸ, ಅದರ ನಡುವೆ ಅಳಲೂ ಪುರುಸೊತ್ತಿಲ್ಲ ಎಂದು ತೋರಿಸುವುದು ಕಡಿಮೆ. ಪ್ಲೇಗು ಬಂದು ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರನ್ನೂ ಒಟ್ಟಿಗೇ ಎನ್ನುವ ಹಾಗೆ ಕೊಂಡೊಯ್ಯುತ್ತದೆ. ಉಳಿದ ವಿಶ್ವನಿಗಾಗಿ ಅವಳು ಎದ್ದು ನಿಲ್ಲುತ್ತಾಳೆ. ಓದಲು ನಿಜವಾಗಿಯೂ ಕಷ್ಟವಾಗುವ ಪುಟಗಳು ಅವು, ಸುಳ್ಳು ಹೇಳುವುದಿಲ್ಲ. ಈಗಷ್ಟೇ ಮನೆಯಲ್ಲಿ ಸಾವು ಕಂಡವರು ಸ್ವಲ್ಪ ದಿನ ತಡೆದು ಓದುವುದು ಒಳ್ಳೆಯದು. ಗಂಗಮ್ಮನ ಬೈಗುಳ ಕೆಲವು ಕಡೆ ಅತಿಯಾಯಿತು ಅಂತ ನನಗನ್ನಿಸಿತು. ಆದರೂ ಚೆನ್ನಿಗರಾಯ ಮಾತ್ರ ಮರೆಯುವಂಥ ಪಾತ್ರವಲ್ಲ. ಅವನು ಯಾರಿಗೂ ಕೇಡು ಬಗೆಯುವವನಲ್ಲ. ತನ್ನ ತಟ್ಟೆಯಾಚೆಗೆ ಏನೂ ಕಾಣದವನು. ಅಷ್ಟರಿಂದಲೇ ಒಂದು ಸಂಸಾರ ಮಣ್ಣುಪಾಲಾಗುತ್ತದೆ.

2025ರಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲೆ, ಮುಸ್ಲಿಂ ಹೆಣ್ಣುಮಕ್ಕಳ ಬದುಕಿನ ಬಗ್ಗೆ ಕನ್ನಡದಲ್ಲಿ ಇನ್ನೇನಿದೆ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಅವು ಸಣ್ಣಕಥೆಗಳು, ಅವುಗಳ ಬಗ್ಗೆ ಬೇರೆಯವರು ಸಾಕಷ್ಟು ಬರೆದಿದ್ದಾರೆ. ನಾನು ಹೇಳಬೇಕೆಂದಿರುವುದು ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಬಗ್ಗೆ. ಇದು ಅವರ ಮೊದಲ ಕಾದಂಬರಿ, 80ರ ದಶಕದ ಆರಂಭದಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು. ಸಾರಾ ಅವರು ಹುಟ್ಟಿದ್ದು ಕಾಸರಗೋಡಿನಲ್ಲಿ. ಕಥೆ ನಡೆಯುವುದೂ ಆ ಕಡೆಯೇ, ಚಂದ್ರಗಿರಿ ಹೊಳೆಯ ದಂಡೆಯ ಹಳ್ಳಿಗಳಲ್ಲಿ.

ನಾದಿರಾ ಮತ್ತು ರಶೀದ್ ಒಬ್ಬರನ್ನೊಬ್ಬರು ಇಷ್ಟಪಡುವ ಗಂಡ ಹೆಂಡತಿ. ಅವರ ನಡುವೆ ಜಗಳ ಇಲ್ಲ. ನಾದಿರಾಳ ಅಪ್ಪ ಮಹಮ್ಮದ್ ಖಾನನಿಗೆ ಅಳಿಯನ ಮೇಲೆ ಸಿಟ್ಟು. ಆ ಸಿಟ್ಟಿನ ಹಟಕ್ಕೆ ಮಗಳನ್ನು ಗಂಡನಿಂದ ಬೇರೆ ಮಾಡುತ್ತಾನೆ, ತಲಾಖ್ ಆಗುತ್ತದೆ. ಆಮೇಲೆ ತಪ್ಪಿನ ಅರಿವಾಗಿ, ಇಬ್ಬರೂ ಮತ್ತೆ ಒಂದಾಗಲಿ ಅಂದರೆ ಅಡ್ಡ ಬರುವುದು ನಿಯಮ. ಅವಳು ಇನ್ನೊಬ್ಬನನ್ನು ಮದುವೆಯಾಗಿ, ಅವನ ಜೊತೆ ಒಂದು ರಾತ್ರಿ ಕಳೆದು, ಅವನಿಂದ ತಲಾಖ್ ಪಡೆದರೆ ಮಾತ್ರ ಮೊದಲ ಗಂಡನ ಬಳಿ ಹೋಗಬಹುದು. ಎಲ್ಲರೂ ಸೇರಿ ಅವಳ ಒಳ್ಳೆಯದಕ್ಕೆ ಎಂದೇ ಇದನ್ನು ಏರ್ಪಾಡು ಮಾಡುತ್ತಾರೆ. ಒಂದೇ ರಾತ್ರಿ ತಾನೇ, ಸಹಿಸಿಕೋ, ಆಮೇಲೆ ಸುಖವಾಗಿರುತ್ತೀಯ ಅನ್ನುವುದು ಅವರ ಲೆಕ್ಕ. ನಾದಿರಾ ಏನು ಮಾಡುತ್ತಾಳೆ ಎಂದು ಇಲ್ಲಿ ಹೇಳುವುದಿಲ್ಲ. ಓದದವರು ಓದಲಿ.

ಈ ಪುಸ್ತಕದಲ್ಲಿ ಅಪ್ಪನ ಪಾತ್ರವನ್ನು ಗಮನವಿಟ್ಟು ನೋಡಿ. ಅವನಿಗೆ ಮಗಳ ಮೇಲೆ ಪ್ರೀತಿ ಇಲ್ಲ ಎನ್ನಲು ಆಗುವುದಿಲ್ಲ. ತನ್ನ ಮಾತು ನಡೆಯಬೇಕು ಅನ್ನುವುದು ಆ ಪ್ರೀತಿಗಿಂತ ಒಂದು ತೂಕ ಜಾಸ್ತಿ. ಎಲ್ಲ ಜಾತಿ, ಎಲ್ಲ ಧರ್ಮದ ಮನೆಗಳಲ್ಲೂ ಇಂಥ ಅಪ್ಪಂದಿರನ್ನು ಕಾಣಬಹುದು. ಹಾಗಾಗಿ ಇದನ್ನು ಒಂದು ಧರ್ಮದವರ ಸಮಸ್ಯೆ ಎಂದು ಓದಿ ಪಕ್ಕಕ್ಕಿಡುವುದು ಕಾದಂಬರಿಗೂ ಅನ್ಯಾಯ, ಸಾರಾ ಅವರಿಗೂ ಅನ್ಯಾಯ. ತಮ್ಮವರಿಂದಲೇ ವಿರೋಧ ಕಟ್ಟಿಕೊಂಡು, ತಮ್ಮ ಮನೆಯ ಹೆಣ್ಣುಮಕ್ಕಳಿಗಾಗಿ ಬರೆದವರು ಅವರು. 2023ರ ಜನವರಿಯಲ್ಲಿ ತೀರಿಕೊಂಡರು. ಅವರ ಬೇರೆ ಕಾದಂಬರಿಗಳೂ ಇವೆ, 'ಸಹನಾ', 'ವಜ್ರಗಳು', ಆದರೆ ಶುರು ಮಾಡುವುದಾದರೆ ಇದರಿಂದಲೇ ಮಾಡಿ.

ಗೀತಾ ನಾಗಭೂಷಣ ಅವರ 'ಬದುಕು' ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇದಕ್ಕೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಲೇಖಕಿಯೊಬ್ಬರಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು, 2004ರವರೆಗೆ ಕಾಯಬೇಕಾಯಿತು ಅನ್ನುವುದನ್ನು ಗಮನಿಸಿ. ದೊಡ್ಡ ಪುಸ್ತಕ, ಕಲಬುರಗಿ ಕಡೆಯ ಮಾತು, ಹಳೇ ಮೈಸೂರಿನ ಕನ್ನಡಕ್ಕೆ ಒಗ್ಗಿದವರಿಗೆ ಮೊದಲ ಕೆಲವು ಪುಟ ನಿಧಾನವಾಗಬಹುದು. ಬಿಡಬೇಡಿ. ಮೇಲೆ ಹೇಳಿದ ಕಾದಂಬರಿಗಳಲ್ಲಿ ಹೆಚ್ಚಿನವು ಮನೆಯ ನಾಲ್ಕು ಗೋಡೆಯೊಳಗಿನ ಕಷ್ಟದವು. ಇದರಲ್ಲಿ ಬರುವ ಹೆಣ್ಣುಗಳಿಗೆ ಆ ಗೋಡೆಯ ಆಸರೆಯೂ ಇಲ್ಲ. ದುಡಿದು ತಿನ್ನುವ, ಬೀದಿಯಲ್ಲಿ ಜಗಳಕ್ಕೆ ನಿಲ್ಲುವ, ನಗುವ, ಬೈಯುವ ಹೆಣ್ಣುಗಳು. ಗೋಳು ಅಂತ ಯಾರಾದರೂ ಅಂದರೆ ಈ ಪುಸ್ತಕ ತೋರಿಸಿ.

ಈಗ ಬೇರೆ ಭಾಷೆಯವು.

ಆಶಾಪೂರ್ಣಾ ದೇವಿ ಅವರ 'ಪ್ರಥಮ ಪ್ರತಿಶ್ರುತಿ' ಬಂಗಾಳಿಯಲ್ಲಿ ಬಂದದ್ದು 1964ರಲ್ಲಿ. ಜ್ಞಾನಪೀಠ ಪಡೆದ ಮೊದಲ ಮಹಿಳೆ ಇವರು, 1976ನೇ ಸಾಲಿಗೆ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಮೂರು ಕಾದಂಬರಿಗಳ ಸರಣಿಯಲ್ಲಿ ಇದು ಮೊದಲನೆಯದು, ಮುಂದಿನವು 'ಸುವರ್ಣಲತಾ' ಮತ್ತು 'ಬಕುಲ್ ಕಥಾ'. ಶುರುವಿನಲ್ಲಿ ನೆಂಟರಿಷ್ಟರ ದಂಡೇ ಬರುತ್ತದೆ, ಯಾರು ಯಾರಿಗೆ ಏನಾಗಬೇಕು ಎಂದು ತಲೆ ಕೆಡುತ್ತದೆ. ಒಂದು ಚೀಟಿಯಲ್ಲಿ ಹೆಸರು ಬರೆದಿಟ್ಟುಕೊಂಡು ಓದಿ. ಸತ್ಯವತಿ ಎಂಟು ವರ್ಷಕ್ಕೇ ಮದುವೆಯಾದವಳು, ಆದರೆ ಬಾಯಿ ಮುಚ್ಚಿ ಕೂರುವವಳಲ್ಲ. ಅಕ್ಷರ ಕಲಿಯುತ್ತಾಳೆ, ತಪ್ಪು ಕಂಡರೆ ತಪ್ಪು ಅನ್ನುತ್ತಾಳೆ, ಗಂಡನನ್ನು ಹಳ್ಳಿಯಿಂದ ಹೊರಡಿಸಿ ಕೋಲ್ಕತ್ತಾಗೆ ಕರೆದುಕೊಂಡು ಹೋಗುತ್ತಾಳೆ. ತನ್ನ ಮಗಳು ಸುವರ್ಣಳನ್ನು ಓದಿಸಬೇಕು, ಚಿಕ್ಕ ವಯಸ್ಸಿಗೆ ಮದುವೆ ಮಾಡಬಾರದು ಅನ್ನುವುದು ಅವಳು ತನಗೆ ತಾನೇ ಕೊಟ್ಟುಕೊಂಡ ಮಾತು.

ಅವಳಿಗೆ ತಿಳಿಸದೆ, ಅವಳು ಎದುರಿಗಿಲ್ಲದಾಗ, ಅಜ್ಜಿ ಮುಂದೆ ನಿಂತು ಆ ಮಗುವಿನ ಮದುವೆ ಮಾಡಿಸಿಬಿಡುತ್ತಾಳೆ. ಗಂಡ ನವಕುಮಾರ ತಡೆಯುವುದಿಲ್ಲ. ಅವನು ಸಾಧು ಮನುಷ್ಯ, ಹೆಂಡತಿಯ ಮೇಲೆ ಗೌರವ ಇರುವವನು, ಅಷ್ಟೇ ಏಕೆ, ಅವಳಿಗೆ ಹೆದರುವವನು. ಆದರೂ ಬೇಕಾದ ಹೊತ್ತಿಗೆ ತಾಯಿಯ ಎದುರು ಒಂದು ಮಾತು ಆಡಲಾರ. ಸತ್ಯವತಿ ಬಂದು ನೋಡುತ್ತಾಳೆ, ಮಗಳ ಮದುವೆ ಆಗಿಹೋಗಿದೆ. ಅವಳು ಅಳುತ್ತಾ ಕೂರುವುದಿಲ್ಲ, ಆ ಮನೆಯನ್ನೇ ಬಿಟ್ಟು ಹೊರಟುಬಿಡುತ್ತಾಳೆ. ಸರಿಯೋ ತಪ್ಪೋ? ಮಗಳನ್ನು ಆ ಸ್ಥಿತಿಯಲ್ಲಿ ಬಿಟ್ಟು ಹೋಗಬಹುದಾ? ನನ್ನ ಜೊತೆ ಈ ಪುಸ್ತಕ ಓದಿದ ಗೆಳತಿ ಹೋಗಬಾರದಿತ್ತು ಅನ್ನುತ್ತಾಳೆ, ನಾನು ಹೋದದ್ದೇ ಸರಿ ಅನ್ನುತ್ತೇನೆ. ನಮ್ಮಿಬ್ಬರ ವಾದ ಇನ್ನೂ ಮುಗಿದಿಲ್ಲ. ಆದರೆ ಒಂದು ವಿಷಯದಲ್ಲಿ ಇಬ್ಬರೂ ಒಪ್ಪಿದ್ದೇವೆ. ಬೈಯುವ ಅತ್ತೆಗಿಂತ ಸುಮ್ನೆ ನಿಂತ ಗಂಡನ ಮೇಲೆ ನಮಗೆ ಸಿಟ್ಟು ಜಾಸ್ತಿ ಬಂತು.

ಅಮೃತಾ ಪ್ರೀತಂ ಅವರ 'ಪಿಂಜರ್' 1950ರ ಪಂಜಾಬಿ ಕಾದಂಬರಿ. ತೀರಾ ಚಿಕ್ಕದು. ದೇಶ ವಿಭಜನೆಯ ಕಥೆ ಅನ್ನುತ್ತಾರೆ, ಆದರೆ ನಾಯಕಿ ಪೂರೋಳ ಅಪಹರಣ ನಡೆಯುವುದು ವಿಭಜನೆಗಿಂತ ಎಷ್ಟೋ ವರ್ಷ ಮೊದಲು. ಎರಡು ಮನೆತನಗಳ ಹಳೇ ದ್ವೇಷಕ್ಕೆ ರಶೀದ್ ಅವಳನ್ನು ಎತ್ತಿಕೊಂಡು ಹೋಗುತ್ತಾನೆ. ಅವಳು ತಪ್ಪಿಸಿಕೊಂಡು ರಾತ್ರಿ ತನ್ನ ಮನೆಗೆ ಓಡಿ ಬರುತ್ತಾಳೆ. ಅಪ್ಪ ಅಮ್ಮ ಬಾಗಿಲು ತೆಗೆಯುತ್ತಾರೆ, ನೋಡುತ್ತಾರೆ, ಅಳುತ್ತಾರೆ, ಒಳಗೆ ಸೇರಿಸಿಕೊಳ್ಳುವುದಿಲ್ಲ. ನಿನ್ನನ್ನು ಇಟ್ಟುಕೊಂಡರೆ ನಮ್ಮನ್ನು ಉಳಿಸುವುದಿಲ್ಲ, ಇನ್ನು ನಿನ್ನನ್ನು ಯಾರು ಮದುವೆಯಾಗುತ್ತಾರೆ ಅನ್ನುತ್ತಾರೆ. ಅವಳು ಹೋಗಬೇಕಾದದ್ದು ಮತ್ತೆ ಅಪಹರಿಸಿದವನ ಬಳಿಗೇ. ಅವಳ ಕೈ ಮೇಲೆ ಹಮೀದಾ ಎಂಬ ಹೊಸ ಹೆಸರಿನ ಹಚ್ಚೆ ಹಾಕಿಸುತ್ತಾರೆ. ಆ ಬಾಗಿಲಿನ ದೃಶ್ಯ ಒಂದೆರಡು ಪುಟ ಅಷ್ಟೇ ಇರುವುದು. ಅಪ್ಪ ಅಮ್ಮನ ಭಯ ಸುಳ್ಳಲ್ಲ, ಅದನ್ನು ಲೇಖಕಿ ಮುಚ್ಚಿಡುವುದಿಲ್ಲ. ಹಾಗಂತ ಅವರನ್ನು ಕ್ಷಮಿಸಿ ಎಂದೂ ಹೇಳುವುದಿಲ್ಲ. ವಿಭಜನೆಯ ಹೊತ್ತಿಗೆ ಇದೇ ಪೂರೋ, ತನ್ನಂತೆಯೇ ಅಪಹರಣವಾದ ಇನ್ನೊಬ್ಬಳನ್ನು ಪಾರುಮಾಡಿ ಅವಳ ಮನೆಯವರ ಕೈಗೆ ಒಪ್ಪಿಸುತ್ತಾಳೆ. ಅದಕ್ಕೆ ನೆರವಾಗುವವನು ರಶೀದ್. ಅವನನ್ನು ದ್ವೇಷಿಸಬೇಕೋ ಬೇಡವೋ ಎಂಬ ಗೊಂದಲ ಓದುವವರಿಗೆ ಕೊನೆಯವರೆಗೂ ಹೋಗುವುದಿಲ್ಲ.

ಹಳೇ ಕಾಲದ ಕಥೆಗಳು ಸಾಕು, ಈಗಿನ ಹೆಣ್ಣುಮಕ್ಕಳು ಓದಿದ್ದಾರೆ, ಕೆಲಸದಲ್ಲಿದ್ದಾರೆ, ಅವರಿಗೆ ಏನು ಕಷ್ಟ ಅನ್ನುವವರಿಗೆ ಒಂದು ಕೊರಿಯನ್ ಕಾದಂಬರಿ ಹೇಳುತ್ತೇನೆ. ಚೋ ನಾಮ್-ಜೂ ಅವರ 'ಕಿಮ್ ಜಿ-ಯಂಗ್, ಬಾರ್ನ್ 1982'. ದಕ್ಷಿಣ ಕೊರಿಯಾದಲ್ಲಿ 2016ರಲ್ಲಿ ಬಂದು, ಹತ್ತು ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ, ದೊಡ್ಡ ಗಲಾಟೆ ಎಬ್ಬಿಸಿದ ಪುಸ್ತಕ. ಇದರಲ್ಲಿ ಸಾವಿಲ್ಲ, ಅಪಹರಣ ಇಲ್ಲ, ಹೊಡೆತ ಬಡಿತ ಇಲ್ಲ. ಒಬ್ಬ ಸಾಧಾರಣ ಹುಡುಗಿ. ಮನೆಯಲ್ಲಿ ತಮ್ಮನಿಗೆ ಮೊದಲ ಪಾಲು. ಶಾಲೆಯಲ್ಲಿ ಹುಡುಗ ಕಾಟ ಕೊಟ್ಟರೆ, ಅವನಿಗೆ ನೀನು ಇಷ್ಟ ಅದಕ್ಕೇ ಹಾಗೆ ಮಾಡುತ್ತಾನೆ ಅನ್ನುವ ಮೇಷ್ಟ್ರು. ಆಫೀಸು, ಮದುವೆ, ಮಗು, ಕೆಲಸ ಬಿಡುವುದು. ಪಾರ್ಕಿನಲ್ಲಿ ಮಗುವಿನ ಜೊತೆ ಕೂತು ಒಂದು ಲೋಟ ಕಾಫಿ ಕುಡಿದರೆ, ಗಂಡನ ದುಡ್ಡಲ್ಲಿ ಮಜಾ ಮಾಡುವವಳು ಎಂದು ಅಪರಿಚಿತರ ಕುಹಕ. ಇವಿಷ್ಟು ಸೇರಿ ಒಂದು ದಿನ ಅವಳು ಬೇರೆಯವರ ದನಿಯಲ್ಲಿ ಮಾತಾಡಲು ಶುರು ಮಾಡುತ್ತಾಳೆ.

ಇದರಲ್ಲಿ ಒಂದು ಪ್ರಸಂಗ ಇದೆ. ಹೈಸ್ಕೂಲಿನ ದಿನಗಳಲ್ಲಿ ಒಂದು ರಾತ್ರಿ, ಬಸ್ಸಿನಲ್ಲಿ ಒಬ್ಬ ಹುಡುಗ ಅವಳ ಬೆನ್ನು ಹತ್ತುತ್ತಾನೆ. ಅವಳು ಇಳಿದ ನಿಲ್ದಾಣದಲ್ಲೇ ಅವನೂ ಇಳಿಯುತ್ತಾನೆ. ಸುತ್ತ ಯಾರೂ ಇಲ್ಲ. ಅಷ್ಟರಲ್ಲಿ ಬಸ್ಸಿನಲ್ಲಿದ್ದ ಒಬ್ಬ ಹೆಂಗಸು ಬಸ್ಸು ನಿಲ್ಲಿಸಿ ಇಳಿದು, "ಇದನ್ನು ಬಿಟ್ಟು ಹೋಗಿದ್ದೀಯ ನೋಡು" ಎಂದು ಒಂದು ಸ್ಕಾರ್ಫ್ ಹಿಡಿದು ಓಡಿ ಬರುತ್ತಾಳೆ. ಆ ಸ್ಕಾರ್ಫ್ ಜಿ-ಯಂಗಳದ್ದಲ್ಲ, ಆ ಹೆಂಗಸಿನದೇ. ಹುಡುಗ ಬೈದುಕೊಂಡು ಜಾಗ ಖಾಲಿ ಮಾಡುತ್ತಾನೆ. ಮನೆಗೆ ಹೋದರೆ ಅಪ್ಪ ಬೈಯುವುದು ಮಗಳನ್ನು. ಅಷ್ಟು ದೂರದ ಟ್ಯೂಷನ್‌ಗೆ ಯಾಕೆ ಹೋಗುತ್ತೀಯ, ಎಲ್ಲರ ಜೊತೆ ಯಾಕೆ ಮಾತಾಡುತ್ತೀಯ, ಲಂಗ ಯಾಕೆ ಗಿಡ್ಡ. ಅಪ್ಪನಿಗೆ ಗಾಬರಿಯಾಗಿದೆ, ಗಾಬರಿ ಬೈಗುಳವಾಗಿ ಹೊರಬಂದಿದೆ. ನೀನು ತಪ್ಪು ಮಾಡಿಲ್ಲ ಎಂದು ಅವಳಿಗೆ ಹೇಳುವವಳು ಆ ಅಪರಿಚಿತ ಹೆಂಗಸು ಒಬ್ಬಳೇ. ಹೆಣ್ಣುಮಕ್ಕಳಿರುವ ಅಪ್ಪಂದಿರು ಇಡೀ ಪುಸ್ತಕ ಓದಲು ಆಗದಿದ್ದರೆ ಆ ಕೆಲವು ಪುಟಗಳನ್ನಾದರೂ ಓದಬೇಕು.

ಬರವಣಿಗೆ ಮಾತ್ರ ವರದಿಯ ಹಾಗಿದೆ. ಅಂಕಿಅಂಶಗಳು, ಅಡಿಟಿಪ್ಪಣಿಗಳು ಕೂಡ ಬರುತ್ತವೆ. ಕಾದಂಬರಿಯ ರಸ ಬೇಕು ಅನ್ನುವವರಿಗೆ ಇದು ಸಪ್ಪೆ ಅನ್ನಿಸಬಹುದು. ಆದರೆ ಕೊನೆಯಲ್ಲಿ ಅದಕ್ಕೊಂದು ಕಾರಣ ಸಿಗುತ್ತದೆ. ಇದು ಅವಳ ಮನೋವೈದ್ಯರು ಬರೆದ ವರದಿ. ಆ ವೈದ್ಯರು ಅವಳನ್ನು ಅರ್ಥ ಮಾಡಿಕೊಂಡವರು, ಮರುಗುವವರು. ಅವರದೇ ಕ್ಲಿನಿಕ್ಕಿನಲ್ಲಿ ಒಬ್ಬಾಕೆ ಬಸುರಿಯಾಗಿ ಕೆಲಸ ಬಿಟ್ಟಾಗ ಅವರು ಏನು ಯೋಚಿಸುತ್ತಾರೆ ಗೊತ್ತಾ? ಮುಂದಿನ ಸಲ ಮದುವೆಯಾಗದವಳನ್ನು ನೋಡಿ ತೆಗೆದುಕೊಳ್ಳಬೇಕು ಅಂತ. ಇಡೀ ಪುಸ್ತಕ ಓದಿ, ಬರೆದು, ನೊಂದುಕೊಂಡ ಮನುಷ್ಯನೇ ಹೀಗೆ ಯೋಚಿಸುತ್ತಾನೆ. ಕಷ್ಟ ಕೊಡುವವರು ಖಳರಲ್ಲ, ಮರ್ಯಾದಸ್ಥರೇ ಎಂದು ನಾನು ಶುರುವಿನಲ್ಲಿ ಹೇಳಿದ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ.

ತುಂಬಾ ಜನ ಮೆಚ್ಚುವ ಖಾಲಿದ್ ಹೊಸೈನಿ ಅವರ 'ಎ ಥೌಸಂಡ್ ಸ್ಪ್ಲೆಂಡಿಡ್ ಸನ್ಸ್' ಕೂಡ ಓದಿದೆ, 2007ರದ್ದು, ಆಫ್ಘಾನಿಸ್ತಾನದ ಮರಿಯಂ ಮತ್ತು ಲೈಲಾ ಎಂಬ ಇಬ್ಬರ ಕಥೆ. ಒಬ್ಬನೇ ಗಂಡನಿಗೆ ಸಿಕ್ಕಿಬಿದ್ದ ಇಬ್ಬರು, ಮೊದಲು ಸವತಿಯರ ಹಾಗೆ ಮುಖ ತಿರುಗಿಸಿ, ಆಮೇಲೆ ನಿಧಾನವಾಗಿ ತಾಯಿ ಮಗಳಂತೆ ಆಗುತ್ತಾರೆ. ಅಂಗಳದಲ್ಲಿ ಒಟ್ಟಿಗೆ ಕೂತು ಚಹಾ ಕುಡಿಯುವ ಅಧ್ಯಾಯ ನನಗೆ ತುಂಬಾ ಇಷ್ಟ. ಆದರೆ ಗಂಡ ರಶೀದ್ ಇಲ್ಲಿ ನೇರಾನೇರ ಕ್ರೂರಿ. ಅನ್ನ ಸರಿಯಾಗಿ ಬೆಂದಿಲ್ಲ ಎಂದು ಹೆಂಡತಿಗೆ ಕಲ್ಲು ಅಗಿಸುವವನು. ಅಂಥವನನ್ನು ದ್ವೇಷಿಸುವುದು ಸುಲಭ, ಓದಿದ ಗಂಡಸು ನಾನು ಹಾಗಲ್ಲ ಎಂದು ನೆಮ್ಮದಿಯಾಗಿ ಪುಸ್ತಕ ಮುಚ್ಚಬಹುದು. ಹಾಗಾಗಿ ನನ್ನ ಪಟ್ಟಿಯಲ್ಲಿ ಇದು ಸ್ವಲ್ಪ ಕೆಳಗೆ. ಓದಬೇಡಿ ಅನ್ನುತ್ತಿಲ್ಲ, ಇದರಿಂದ ಶುರು ಮಾಡಬೇಡಿ ಅನ್ನುತ್ತಿದ್ದೇನೆ.

ಕೊನೆಯದಾಗಿ ಮತ್ತೆ ಕನ್ನಡಕ್ಕೆ ಬರುತ್ತೇನೆ. ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ ಅವರ 'ಮಾಧವಿ'. ಮಹಾಭಾರತದ ಉದ್ಯೋಗಪರ್ವದಲ್ಲಿ ಬರುವ ಕಥೆ ಇದಕ್ಕೆ ಆಧಾರ. ವಿಶ್ವಾಮಿತ್ರನ ಶಿಷ್ಯ ಗಾಲವನಿಗೆ ಗುರುದಕ್ಷಿಣೆಯಾಗಿ ಒಂದು ಕಿವಿ ಕಪ್ಪಾದ 800 ಬಿಳಿ ಕುದುರೆಗಳು ಬೇಕು. ರಾಜ ಯಯಾತಿಯ ಬಳಿ ಕುದುರೆಗಳಿಲ್ಲ, ಮಗಳು ಮಾಧವಿ ಇದ್ದಾಳೆ. ದಾನ ಕೊಡುತ್ತಾನೆ. ಗಾಲವ ಅವಳನ್ನು ಒಬ್ಬ ರಾಜನ ಬಳಿಯಿಂದ ಇನ್ನೊಬ್ಬನ ಬಳಿಗೆ ಕರೆದುಕೊಂಡು ಹೋಗುತ್ತಾನೆ. ಒಬ್ಬೊಬ್ಬ ರಾಜನಿಂದ 200 ಕುದುರೆ, ಒಬ್ಬೊಬ್ಬನಿಗೂ ಒಂದು ಗಂಡು ಮಗು. ಮೂವರು ರಾಜರಾದ ಮೇಲೂ 200 ಕುದುರೆ ಕಡಿಮೆ ಬಿದ್ದಾಗ ಗುರು ವಿಶ್ವಾಮಿತ್ರನ ಬಳಿಗೇ. ತಂದೆಗೆ ದಾನದ ಪುಣ್ಯ, ಶಿಷ್ಯನಿಗೆ ಗುರುಋಣ ತೀರಿದ ಪುಣ್ಯ, ರಾಜರಿಗೆ ಪುತ್ರಲಾಭ, ಗುರುವಿಗೆ ದಕ್ಷಿಣೆ. ಎಲ್ಲರೂ ಧರ್ಮವನ್ನೇ ಪಾಲಿಸಿದ್ದಾರೆ. ಅವಳನ್ನು ಮಾತ್ರ ಯಾರೂ ಏನೂ ಕೇಳಿಲ್ಲ. ಪ್ರವಚನದಲ್ಲಿ ಈ ಕಥೆ ಕೇಳಿ ಬೆಳೆದವರು, ಅದನ್ನು ಮಾಧವಿಯ ಕಡೆಯಿಂದ ನೋಡಿದರೆ ಹೇಗಿರುತ್ತದೆ ಎಂದು ತಿಳಿಯಲು ಅನುಪಮಾ ಅವರನ್ನು ಓದಲೇಬೇಕು.

ಯಾವುದನ್ನು ಮೊದಲು ಓದಲಿ ಎಂದು ಕೇಳಿದರೆ, ಕಾದಂಬರಿ ಓದಿ ಅಭ್ಯಾಸ ಇಲ್ಲದವರು 'ಫಣಿಯಮ್ಮ' ತೆಗೆದುಕೊಳ್ಳಿ. ಹೊಸದಾಗಿ ಮದುವೆಯಾದವರು, ಗಂಡ ಹೆಂಡತಿ ಇಬ್ಬರೂ, 'ಶರಪಂಜರ' ಓದಿ. ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಆ ಕೊರಿಯನ್ ಕಾದಂಬರಿ ಬೇಗ ಹತ್ತಿರವಾಗುತ್ತದೆ. 'ಗೃಹಭಂಗ'ಕ್ಕೆ ಸಮಯ ಮತ್ತು ಗಟ್ಟಿ ಮನಸ್ಸು ಎರಡೂ ಬೇಕು. ಇವುಗಳನ್ನು ಒಂದರ ಮೇಲೊಂದು ಓದಬೇಡಿ, ನಡುವೆ ಬೇರೆ ಏನಾದರೂ ಓದಿ. ಸಾಧ್ಯವಾದರೆ ಒಬ್ಬರೇ ಓದದೆ ಇನ್ನೊಬ್ಬರ ಜೊತೆ ಓದಿ, ಮಾತಾಡಲು ಜನ ಬೇಕೆನ್ನಿಸುತ್ತದೆ.

ಸಂಪಾದಕರಲ್ಲಿ ನನ್ನದು ಒಂದು ಕೋರಿಕೆ. ಹೊಸ ಪುಸ್ತಕಗಳ ಪರಿಚಯದ ಪಕ್ಕದಲ್ಲಿ, ಇಂಥ ಹಳೆಯ ಕಾದಂಬರಿಯೊಂದನ್ನು ಈಗ ಓದಿದವರ ಅನಿಸಿಕೆಗೂ ತಿಂಗಳಿಗೊಮ್ಮೆ ಸ್ವಲ್ಪ ಜಾಗ ಕೊಡಿ. ಬರೆಯುವವರು ವಿಮರ್ಶಕರೇ ಆಗಬೇಕಿಲ್ಲ, ಮನೆಯಲ್ಲಿ ಕೂತು ಓದುವ ನನ್ನಂಥವರೂ ಬರೆಯಲಿ. ಗಂಡಸರು ಬರೆದರಂತೂ ಇನ್ನೂ ಒಳ್ಳೆಯದು. 'ಚಂದ್ರಗಿರಿಯ ತೀರದಲ್ಲಿ' ಓದಿದ ಒಬ್ಬ ಅಪ್ಪನಿಗೆ, 'ಶರಪಂಜರ' ಓದಿದ ಒಬ್ಬ ಗಂಡನಿಗೆ ಏನನ್ನಿಸಿತು ಎಂದು ಓದಲು ನಾನು ಕಾಯುತ್ತಿರುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು